ಬಾಲ ಇರುವುದನ್ನೇ ಬರೆ

ನನ್ನ ಕಪಾಟಿನಲ್ಲಿ ಮೂವತ್ತಮೂರು ಡೈರಿಗಳಿವೆ. ಎಲ್ಲವೂ ಅಂಗೈ ಅಗಲದವು, ಅಂಗಿಯ ಜೇಬಿನಲ್ಲಿ ಹಿಡಿಸುವಂಥವು. ಯಾವ ಪುಟ ತೆರೆದರೂ ಮೇಲಿನ ಸಾಲಿನಲ್ಲಿ ಒಂದು ಹೆಸರು ಕಾಣುತ್ತದೆ. ‘ನಿಂಗವ್ವನ ಎಮ್ಮೆ, ಘೋಡಗೇರಿ.’ ‘ಬಸಪ್ಪನ ಬಲಗಡೆಯ ಎತ್ತು.’ ‘ಮಠದ ಆಕಳ ಕರು.’ ಅದರ ಕೆಳಗೆ ಆ ದಿನದ ಕೆಲಸ, ಬಳಸಿದ ಔಷಧ, ಸೈಕಲ್ ತುಳಿದ ದೂರ. ಪುಟದ ಕೊನೆಗೆ ಒಂದು ಸರಿ ಗುರುತು ಇರುತ್ತದೆ, ಇಲ್ಲವೇ ಒಂದು ಅಡ್ಡಗೆರೆ. ಮೇಲೆ ಬರೆದ ಹೆಸರಿಗೆ ಆ ದಿನ ಸಲ್ಲಬೇಕಾದದ್ದು ಸಂದಿದ್ದರೆ ಸರಿ ಗುರುತು. ಸಲ್ಲದಿದ್ದರೆ ಗೆರೆ.

ನಾನು ಪಶುವೈದ್ಯಕೀಯ ಸಹಾಯಕನಾಗಿದ್ದೆ. ಹುಕ್ಕೇರಿ ಕಡೆ ಶುರುಮಾಡಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಬಹಳ ವರ್ಷ ಕಳೆದು, ಮತ್ತೆ ಹುಕ್ಕೇರಿ ಕಡೆಗೇ ಬಂದು ನಿವೃತ್ತನಾದೆ. ಹಳ್ಳಿಗಳಲ್ಲಿ ನಮ್ಮನ್ನು ‘ಡಾಕ್ಟರ್’ ಎಂದೇ ಕರೆಯುತ್ತಾರೆ. ನಿಜವಾದ ಡಾಕ್ಟರು ನಮ್ಮ ಮೇಲಿನವರು. ಸೂಜಿ ಚುಚ್ಚುವುದು, ಗಾಯ ಕಟ್ಟುವುದು, ಔಷಧ ಕುಡಿಸುವುದು, ಲಸಿಕೆ ಹಾಕುವುದು, ಬರೆದಿಡುವುದು ನಮ್ಮ ಕೆಲಸ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಅದೂ ಇದೂ ಕೇಳುತ್ತಾರೆ. ನಿಯಮಗಳು ಪುಸ್ತಕದಲ್ಲಿವೆ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ. ಬಡ್ತಿಯ, ವರ್ಗಾವಣೆಯ ಆದೇಶಗಳು ಬೇರೆ ಕಡತದಲ್ಲಿವೆ. ಅವನ್ನು ಓದಿ ಯಾರಿಗೂ ಆಗಬೇಕಾದ್ದೇನೂ ಇಲ್ಲ.

ನಾನು ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಓದಿದವನು. ಬೆಳಗಿನ ಐದಕ್ಕೆ ಗಂಟೆ, ತಣ್ಣೀರಿನ ಸ್ನಾನ, ಪೂಜೆ, ಆಮೇಲೆ ಪಾಳಿಯ ಪ್ರಕಾರ ಕಸ ಗುಡಿಸುವುದು, ನೀರು ಸೇದುವುದು, ಪಂಕ್ತಿಗೆ ಬಡಿಸುವುದು. ‘ಕಾಯಕ’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆವು. ಹೊತ್ತಿಗೆ ಸರಿಯಾಗಿ ಕೆಲಸ ಮಾಡುವುದೇ ಕಾಯಕ ಎಂದು ತಿಳಿದಿದ್ದೆ. ನೌಕರಿಗೆ ಸೇರಿದ ಮೊದಲ ದಿನ ನನ್ನಷ್ಟು ಶಿಸ್ತಿನವರು ಇಲಾಖೆಯಲ್ಲಿ ಇನ್ನೊಬ್ಬರಿಲ್ಲ ಎಂಬ ಗರ್ವ ನನಗಿತ್ತು.

ನನ್ನ ಮೊದಲ ಮೇಲಧಿಕಾರಿ ವಯಸ್ಸಾದ ಡಾಕ್ಟರು. ಬಿಳಿ ಧೋತರ, ಕರಿ ಕೋಟು, ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಬೆಲ್ಲ. ಹಠಮಾಡುವ ದನಕ್ಕೆ ನೆಕ್ಕಿಸಲು. ಮೊದಲ ದಿನ ನನ್ನ ಕೈಯಲ್ಲಿ ಹೊಸ ಡೈರಿ ನೋಡಿ ಕೇಳಿದರು.

“ಏನ ಬರದಿ ಅದರಾಗ?”

“ಇವತ್ತ ಮಾಡೂ ಕೆಲಸರಿ ಸರ್. ತಿಂಗಳ ವರದಿ ಕಳಸೂದು.”

“ವರದಿಗೆ ಬಾಲ ಐತೇನು?”

“ಇಲ್ರಿ ಸರ್.”

“ಮತ್ತ ಅದನ್ಯಾಕ ಮೊದಲ ಬರದಿ? ಈ ದವಾಖಾನಿ ಕಟ್ಟಿದ್ದು ಬಾಲ ಇದ್ದವ್ರ ಸಲುವಾಗಿ. ಮುಂಜಾನೆ ಬಾಲ ಇರೂದ ಒಂದ ಬರಿ. ಉಳಿದ ಕೆಲಸ ಅದರ ಬೆನ್ನ ಹತ್ತಿ ಬರತಾವ. ಬರಲಿಲ್ಲಂದ್ರ ಹ್ವಾದ್ವು ಬಿಡು.”

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಡೈರಿ ತೆರೆಸಿ ನೋಡಿದಾಗ ಗೊತ್ತಾಯಿತು, ತಮಾಷೆಯಲ್ಲ. ಆಗ ಗಾಜಿನ ಸಿರಿಂಜು, ಉಕ್ಕಿನ ಸೂಜಿ. ಬೆಳಿಗ್ಗೆ ಸ್ಟೋವ್ ಹಚ್ಚಿ ಅವನ್ನು ಇಪ್ಪತ್ತು ನಿಮಿಷ ಕುದಿಸಬೇಕು. ಆ ಇಪ್ಪತ್ತು ನಿಮಿಷ ಮಾಡಲು ಬೇರೆ ಕೆಲಸವಿಲ್ಲ. ನೀರು ಕುದಿಯುವ ಸದ್ದು ಕೇಳುತ್ತ ಕೂತು, ಇವತ್ತು ನಾನು ಹೋಗದಿದ್ದರೆ ಯಾವ ಪ್ರಾಣಿಗೆ ಹೆಚ್ಚು ನಷ್ಟ ಎಂದು ಯೋಚಿಸಿ ಆ ಹೆಸರು ಬರೆಯಬೇಕು. ಸಂಜೆ ಅವರೆದುರಿಗೇ ಗುರುತು ಹಾಕಬೇಕು.

ಹೇಳಲು ಇದು ಬಹಳ ಸಣ್ಣ ಮಾತು. ಆದರೆ ಹೆಸರು ಬರೆದುಕೊಂಡು ಹೊರಟವನನ್ನು ದಾರಿಯಲ್ಲಿ ಎಷ್ಟು ಕೈಗಳು ಎಳೆಯುತ್ತವೆ ಎಂಬುದು ನನಗೆ ಘೋಡಗೇರಿಯ ನಿಂಗವ್ವನ ಎಮ್ಮೆಯಿಂದ ತಿಳಿಯಿತು.

ನಿಂಗವ್ವ ಗಂಡನಿಲ್ಲದ ಹೆಣ್ಣುಮಗಳು. ಒಂದೇ ಎಮ್ಮೆ. ಅದಕ್ಕೆ ಕೆಚ್ಚಲು ಬಾವು ಬಂದಿತ್ತು. ಮೂರು ದಿನ, ದಿನವೂ ಬೆಳಿಗ್ಗೆ ಕೆಟ್ಟ ಹಾಲು ಪೂರ್ತಿ ಹಿಂಡಿ ತೆಗೆದು, ಬಿಸಿನೀರಿನಿಂದ ಕಾವು ಕೊಟ್ಟು, ಮೊಲೆಯೊಳಗೆ ಔಷಧ ಏರಿಸಬೇಕು. ಹೊತ್ತು ತಪ್ಪಬಾರದು. ಎರಡು ದಿನ ಸರಿಯಾಗಿ ಹೋದೆ. ಮೂರನೆಯ ದಿನ ಊರ ಹೊರಗೆ ದೊಡ್ಡ ಕಬ್ಬಿನ ಹೊಲದ ಸಾವಕಾರರ ಆಳು ಸೈಕಲ್ ಹಿಡಿದು ನಿಲ್ಲಿಸಿದ. “ಸಾವಕಾರ್ರು ಕರ್ಯಾಕತ್ತಾರ್ರಿ. ಹೋರಿಗೆ ಏನೋ ಆಗೈತಿ.”

ಹೋರಿಗೆ ಏನೂ ಆಗಿರಲಿಲ್ಲ. ಪ್ರದರ್ಶನಕ್ಕೆ ಒಯ್ಯುವ ಮುಂಚೆ ಅದರ ಕೋಡು ಕೆತ್ತಿ ನುಣುಪು ಮಾಡಬೇಕಾಗಿತ್ತು. ಬಿಸಿ ಪೂರಿ ಬಂತು, ಚಹಾ ಬಂತು, ಫೋಟೋ ತೆಗೆಯುವವನೂ ಬಂದ. ಅರ್ಧ ತಾಸು ಎಂದುಕೊಂಡದ್ದು ಎರಡೂವರೆ ತಾಸಾಯಿತು. ನಿಂಗವ್ವನ ಮನೆ ತಲುಪುವಾಗ ಬಿಸಿಲೇರಿತ್ತು. ಅವಳು ಬಾಗಿಲಲ್ಲೇ ಕೂತಿದ್ದಳು.

“ನಾಕ ಸಲ ನೀರ ಕಾಸೇನ್ರಿ,” ಎಂದಳು. ನನ್ನ ಮುಖ ನೋಡಿ ಅವಳೇ ಮುಂದುವರಿಸಿದಳು, “ಸೈಕಲ್ ಪಂಕ್ಚರ್ ಆತೇನ್ರಿ?”

“ಹೌದವ್ವಾ,” ಎಂದೆ.

ನನಗೆ ಬೇಕಾದ ಸುಳ್ಳನ್ನು ಅವಳೇ ಹುಡುಕಿ ಕೊಟ್ಟಿದ್ದಳು. ಆ ಎಮ್ಮೆಯ ಒಂದು ಮೊಲೆ ಮುಂದೆಂದೂ ಹಾಲು ಕೊಡಲಿಲ್ಲ. ತಡವಾಗಿದ್ದರಿಂದಲೇ ಹೀಗಾಯಿತು ಎಂದು ನಾನು ಆಣೆಮಾಡಿ ಹೇಳಲಾರೆ. ಸಂಜೆ ಡಾಕ್ಟರ ಎದುರಿಗೆ ಅಡ್ಡಗೆರೆ ಎಳೆದೆ. ಅವರು ಬೈಯಲಿಲ್ಲ. “ಪೂರಿ ಚಲೋ ಇದ್ವೇನು?” ಎಂದಷ್ಟೇ ಕೇಳಿದರು. ಸುದ್ದಿ ನನಗಿಂತ ಮೊದಲು ದವಾಖಾನೆ ತಲುಪಿತ್ತು.

ದೊಡ್ಡ ಧ್ಯೇಯ, ಸೇವೆ ಎಂದೆಲ್ಲ ಭಾಷಣಗಳಲ್ಲಿ ಕೇಳುತ್ತೇವೆ. ನಾನು ಕಂಡಂತೆ ಅದು ತೀರ್ಮಾನವಾಗುವುದು ಇಂಥ ಕಡೆಗಳಲ್ಲಿ: ಎಡಕ್ಕೆ ತಿರುಗಬೇಕೋ ಬಲಕ್ಕೋ, ಚಹಾ ಈಗಲೋ ಆಮೇಲೋ, ಪಂಕ್ಚರ್ ಆಯಿತು ಎನ್ನಬೇಕೋ ಬೇಡವೋ.

ಕೆಲವು ವರ್ಷಗಳ ನಂತರ ನನಗೆ ಮೂಡಲಗಿ ಭಾಗಕ್ಕೆ ವರ್ಗವಾಯಿತು. ಆಗ ಮೂಡಲಗಿ ಇನ್ನೂ ಗೋಕಾಕ ತಾಲೂಕಿನೊಳಗೇ ಇತ್ತು. ಲಸಿಕೆಗೂ ಮೀಟಿಂಗಿಗೂ ಗೋಕಾಕಕ್ಕೇ ಹೋಗಬೇಕು. ಲಸಿಕೆಯ ಬಾಟಲಿಗಳನ್ನು ದೊಡ್ಡ ಬಾಯಿಯ ಥರ್ಮಾಸಿನಲ್ಲಿ ಬರ್ಫಿನ ಗಡ್ಡೆಗಳ ಜೊತೆ ಇಟ್ಟು, ಸುತ್ತ ಕಟ್ಟಿಗೆಯ ಹೊಟ್ಟು ತುಂಬಿದ ಡಬ್ಬಿಯಲ್ಲಿ ಕೂರಿಸಿ, ಬಸ್ಸಿನಲ್ಲಿ ಮಡಿಲ ಮೇಲೆ ಹಿಡಿದುಕೊಂಡು ಬರುತ್ತಿದ್ದೆ. ಕಂಡಕ್ಟರು “ಕೂಸಿಗೆ ಟಿಕೀಟ್ ತಗೋರಿ” ಎಂದು ಚೇಷ್ಟೆ ಮಾಡುತ್ತಿದ್ದ.

ಆ ಸೀಮೆಯಲ್ಲಿ ನನ್ನ ಅರ್ಧ ಕೆಲಸ ಕುರುಬರೊಡನೆ. ಮಳೆಗಾಲ ಮುಗಿದು ಪೈರು ಕೈಗೆ ಬಂದ ಮೇಲೆ ಅವರು ಕುರಿ ಹೊಡೆದುಕೊಂಡು ಊರೂರು ತಿರುಗುತ್ತಾರೆ. ರೈತರು ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರೆ, ಅಂದರೆ ರಾತ್ರಿಗಳನ್ನು ಹಿಂಡು ಅಲ್ಲೇ ಕಳೆಯುವಂತೆ ಮಾಡಿಸಿ ನೆಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. ಕಾಳು ಕಡಿ ಕೊಡುತ್ತಾರೆ. ಮುಂಗಾರಿಗೆ ಮುಂಚೆ ಹಿಂಡು ಊರಿಗೆ ಮರಳುತ್ತದೆ. ಆಗಲೇ ನಾವು ಕರುಳುಬೇನೆಯ ಲಸಿಕೆ ಹಾಕಬೇಕು. ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿದಾಗ ಆಸೆಯಿಂದ ಮೇಯ್ದ ಕುರಿಗೆ ಬರುವ ರೋಗ ಅದು. ಸೊರಗಿದ್ದನ್ನು ಬಿಟ್ಟು, ಹಿಂಡಿನ ಎಲ್ಲಕ್ಕಿಂತ ದಷ್ಟಪುಷ್ಟವಾದ ಮರಿಯನ್ನೇ ಮೊದಲು ಒಯ್ಯುತ್ತದೆ.

ಮಸಗುಪ್ಪಿಯ ಮಾಳಪ್ಪನ ಪರಿಚಯ ಹೀಗೆ ಆಯಿತು. ನನಗಿಂತ ಮೂರು ನಾಲ್ಕು ವರ್ಷಕ್ಕೆ ಹಿರಿಯ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿ ಲಕ್ಕವ್ವನೇ ಆಡುತ್ತಿದ್ದಳು. ಮೊದಲ ಸಲ ಹೋದಾಗ ನಾನು ನಮೂನೆಯ ಕಾಗದ ಬಿಡಿಸಿ, “ಎಷ್ಟ ಅದಾವು ಕುರಿ?” ಎಂದು ಕೇಳಿದೆ.

ಮಾಳಪ್ಪ ಬೇರೆ ಕಡೆ ನೋಡಿದ. “ದೇವರ ಕೊಟ್ಟಷ್ಟ ಅದಾವ್ರಿ.”

“ಕಾಗದದಾಗ ಬರೀಬೇಕಲ್ಲಾ.”

“ಬರಕೋರಿ ನೂರಾ.”

ಕಣ್ಣಳತೆಯಲ್ಲೇ ಅದರ ಎರಡರಷ್ಟಕ್ಕೂ ಮಿಕ್ಕಿ ಇದ್ದವು. ಹಾಗೆಂದೆ. ಲಕ್ಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತಿರುಗಿದಳು.

“ಡಾಕ್ಟರ್ರ, ಜಡ್ಡ ಬರೂದು ಕುರಿಗೋ ಕಾಗದಕ್ಕೋ? ಕಾಗದಕ್ಕಾದ್ರ ಅದಕ್ಕ ಚುಚ್ರಿ, ನಾವು ಹಿಡಕೋತೇವಿ.”

ಆ ಕುರುಬರು ಕುರಿ ಎಣಿಸುವುದಿಲ್ಲ. ಎಣಿಸಿದರೆ ಕಣ್ಣು ತಾಕುತ್ತದೆ, ಎಣಿಸಿದ ಹಿಂಡು ಇಳಿಯುತ್ತದೆ ಎಂಬ ನಂಬಿಕೆ. ಹಾಗಾದರೆ ಸಂಜೆ ಒಂದು ಕಡಿಮೆಯಾದರೆ ತಿಳಿಯುವುದು ಹೇಗೆ ಎಂದು ಮಾಳಪ್ಪನನ್ನು ಒಮ್ಮೆ ಕೇಳಿದ್ದೆ. “ಮಾರಿ ನೋಡಿದ್ರ ಗೊತ್ತಾಗ್ತೈತ್ರಿ ಯಾವುದ ಬಂದಿಲ್ಲಂತ. ನೀವು ಮನ್ಯಾಗ ಮಕ್ಕಳನ್ನ ಎಣಿಸಿ ಉಣ್ಣಾಕ ಕುಂದರಸ್ತೀರೇನು?” ಎಂದ.

ಮೊದಮೊದಲು ಇದರಿಂದ ತೊಂದರೆಯಾಗಲಿಲ್ಲ. ಅವನು ನೂರು ಎಂದರೆ ನಾನು ಮೂರುನೂರಕ್ಕೆ ಸಾಕಾಗುವಷ್ಟು ಬಾಟಲಿ ತರುತ್ತಿದ್ದೆ. ಲಸಿಕೆ ಹಾಕಿದ ಕುರಿಯ ಬೆನ್ನಿಗೆ ಲಕ್ಕವ್ವ ಕೆಮ್ಮಣ್ಣಿನ ಬೊಟ್ಟು ಇಡುತ್ತಿದ್ದಳು. ಬೊಟ್ಟಿಲ್ಲದ ಕುರಿ ಉಳಿಯದಿದ್ದರೆ ಕೆಲಸ ಮುಗಿಯಿತು. ತೆರೆದ ಬಾಟಲಿಯಲ್ಲಿ ಮಿಕ್ಕಿದ್ದು ಮರುದಿನಕ್ಕೆ ಬರುವುದಿಲ್ಲ, ಚೆಲ್ಲಬೇಕು. ಚೆಲ್ಲುತ್ತಿದ್ದೆ.

ಆಮೇಲೆ ಹೊಸ ಅಧಿಕಾರಿ ಬಂದರು. ಕೆಟ್ಟವರಲ್ಲ, ಬಹಳ ಚುರುಕಿನ ಮನುಷ್ಯ. ಲಸಿಕೆ ವ್ಯರ್ಥವಾಗಬಾರದು, ಕುರಿಯ ಸಂಖ್ಯೆಗೆ ಸರಿಯಾಗಿ ಬಾಟಲಿ ಒಯ್ಯಬೇಕು, ಇಂಥ ದಿನದೊಳಗೆ ಇಷ್ಟು ಹಳ್ಳಿ ಮುಗಿಯಬೇಕು ಎಂದು ಕಟ್ಟುನಿಟ್ಟು ಮಾಡಿದರು. ನನ್ನಂಥವನಿಗೆ ಅದು ಹಬ್ಬದೂಟ. ಪಟ್ಟಿ, ಗೆರೆ, ಗುರಿ. ನಿಜ ಹೇಳುತ್ತೇನೆ, ಆ ವರ್ಷದ ಡೈರಿಯಲ್ಲಿ ಬಾಲಗಳು ಕಡಿಮೆಯಾಗುತ್ತ ಬಂದಿವೆ. ಮಸಗುಪ್ಪಿಗೆ ಹೋದ ದಿನದ ಮೇಲುಸಾಲಿನಲ್ಲಿ ‘ಗುರಿ ಮುಗಿಸುವುದು’ ಎಂದಿದೆ. ಅಕ್ಷರ ಬಹಳ ಅಂದವಾಗಿದೆ.

ಮಾಳಪ್ಪ ಆ ಸಲ “ಎರಡ ನೂರಾ ಬರಕೋರಿ” ಎಂದಿದ್ದ. ಸುಳ್ಳೆಂದು ಗೊತ್ತಿದ್ದೂ ಬರೆದುಕೊಂಡೆ. ಅಷ್ಟಕ್ಕೇ ಬಾಟಲಿ ತಂದೆ. ಕಾಲು ಭಾಗ ಮುಗಿಯುವುದರೊಳಗೆ ತಿಳಿದುಹೋಯಿತು, ಔಷಧ ಸಾಲುವುದಿಲ್ಲ. ಸಾಲದಾಗ ಮಾಡಬೇಕಾದದ್ದು ಸರಳ: ಇದ್ದಷ್ಟಕ್ಕೆ ಪೂರ್ತಿ ಅಳತೆ ಹಾಕಿ, ಉಳಿದವಕ್ಕೆ ನಾಳೆ ಬರುತ್ತೇನೆಂದು ಹೇಳಿ, ಗೋಕಾಕಕ್ಕೆ ಹೋಗಿ ಇನ್ನಷ್ಟು ತರುವುದು. ಅದಕ್ಕೆ ಒಂದು ದಿನ ಬೇಕು, ಒಂದು ವಿವರಣೆ ಬೇಕು, ಮುಂದಿನ ಹಳ್ಳಿ ಹಿಂದೆ ಬೀಳುತ್ತದೆ.

ಆಗ ನನ್ನ ಕೈ ಮಾಡಿದ ಕೆಲಸ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಅದು ಪ್ರಸಾದ ನಿಲಯದಿಂದ ಬಂತು. ಪಂಕ್ತಿಯಲ್ಲಿ ಹುಗ್ಗಿ ಕಡಿಮೆ ಬೀಳುತ್ತದೆ ಎಂದು ಕಂಡರೆ ಬಡಿಸುವವನು ಯಾರಿಗೂ ಹೇಳದೆ ಸೌಟು ಸಣ್ಣದು ಮಾಡಬೇಕು. ಯಾರೂ ಖಾಲಿ ಎಲೆಯ ಮುಂದೆ ಕೂರಬಾರದು. ಅದು ಅಲ್ಲಿ ಕಲಿತ ಪಾಠ, ಅಲ್ಲಿಗೆ ಸರಿಯಾದ ಪಾಠವೇ. ನಾನು ಸಿರಿಂಜಿನ ಅಳತೆಯಲ್ಲಿ ಎರಡು ಗೆರೆ ಇಳಿಸಿದೆ. ಆಮೇಲೆ ಇನ್ನೊಂದು. ಎಲ್ಲ ಕುರಿಗೂ ಸೂಜಿ ತಾಕಿತು, ಎಲ್ಲ ಬೆನ್ನಿಗೂ ಕೆಂಪು ಬೊಟ್ಟು ಬಿತ್ತು. ಕಾಗದದಲ್ಲಿ ಕುರಿ ಎರಡು ನೂರು, ಲಸಿಕೆ ಎರಡು ನೂರು, ವ್ಯರ್ಥ ಇಲ್ಲ. ಗೋಕಾಕದ ಮೀಟಿಂಗಿನಲ್ಲಿ ಅಧಿಕಾರಿಗಳು ನನ್ನ ಕಾಗದ ಎತ್ತಿ ಹಿಡಿದು, “ನೋಡ್ರಿ, ಹಿಂಗ ಇರಬೇಕು” ಎಂದರು. ಹುಗ್ಗಿ ಅರ್ಧ ಸೌಟಾದರೂ ಹುಗ್ಗಿಯೇ. ಲಸಿಕೆ ಹಾಗಲ್ಲ ಎಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ.

ಮಳೆ ಚೆನ್ನಾಗಿ ಆಯಿತು. ಹಳ್ಳದ ದಂಡೆಯಲ್ಲಿ ಹುಲ್ಲು ಎದ್ದಿತು. ಒಂದು ಬೆಳಿಗ್ಗೆ ಮಸಗುಪ್ಪಿಯಿಂದ ಬಂದ ಹಾಲಿನವನು, ಮಾಳಪ್ಪನ ಮರಿಗಳು ಬೀಳುತ್ತಿವೆ ಎಂದ. ಅಧಿಕಾರಿಗಳಿಗೆ ಫೋನು ಮಾಡಿಸಿ ನಾನು ಸೈಕಲ್ ಹತ್ತಿದೆ.

ಹಟ್ಟಿಯಲ್ಲಿ ಕುರಿ ಕೂಡಿಹಾಕಲು ಕಟ್ಟಿದ ಬಲೆಯ ಹೊರಗೆ ಮರಿಗಳನ್ನು ಸಾಲಾಗಿ ಮಲಗಿಸಿದ್ದರು. ಕತ್ತು ಹಿಂದಕ್ಕೆ ಬಾಗಿ, ಕಾಲು ಸೆಟೆದುಕೊಂಡಿದ್ದವು. ಬೆನ್ನ ಮೇಲೆ ನನ್ನ ಲಸಿಕೆಯ ಕೆಂಪು ಬೊಟ್ಟು ಮಾಸಿಯೂ ಕಾಣುತ್ತಿತ್ತು. ನಾನು ಕಾಗದ ತೆಗೆಯಲಿಲ್ಲ. ಮಾಳಪ್ಪನೇ ಹೇಳಿದ.

“ಇವನ್ನ ಎಣಸ್ರಿ ಡಾಕ್ಟರ್ರ. ಇನ್ನ ಇವಕ್ಕ ಯಾರ ಕಣ್ಣೂ ತಾಕೂದಿಲ್ಲ.”

ಹದಿನೇಳು ಇದ್ದವು.

ಮಧ್ಯಾಹ್ನ ಅಧಿಕಾರಿಗಳು ಬಂದು ಒಂದು ಮರಿಯನ್ನು ಕೊಯ್ದು ನೋಡಿದರು. ಕರುಳುಬೇನೆಯೇ. ನನ್ನನ್ನು ಜೀಪಿನ ಪಕ್ಕಕ್ಕೆ ಕರೆದರು. “ಲಸಿಕೆ ಹಾಕಿದ ಮ್ಯಾಲೂ ಕೆಲವಕ್ಕ ಹತ್ತೂದಿಲ್ಲ, ನಿಮಗ ಗೊತ್ತಿದ್ದದ್ದ. ನಿಮ್ಮ ಕಾಗದ ಸರಿ ಐತಿ. ಚಿಂತಿ ಮಾಡಬ್ಯಾಡ್ರಿ.”

ಅವರು ಹೇಳಿದ್ದು ಸುಳ್ಳಲ್ಲ. ಕೆಲವಕ್ಕೆ ಹತ್ತುವುದಿಲ್ಲ. ಹದಿನೇಳರಲ್ಲಿ ಎಷ್ಟು ನಾನು ಇಳಿಸಿದ ಗೆರೆಗಳಿಂದ ಸತ್ತವು, ಎಷ್ಟು ಹಾಗೆಯೇ ಸಾಯುತ್ತಿದ್ದವು ಎಂದು ಯಾರೂ ಹೇಳಲಾರರು. ಈ ಅನುಮಾನದ ನೆರಳಿನಲ್ಲಿ ನಾನು ನಿವೃತ್ತಿಯವರೆಗೂ ಆರಾಮವಾಗಿ ಕೂರಬಹುದಿತ್ತು.

ಮರುದಿನ ಬೆಳಿಗ್ಗೆ ಸೂಜಿ ಕುದಿಯಲು ಇಟ್ಟು ಡೈರಿ ತೆರೆದೆ. ಎಷ್ಟೋ ವಾರಗಳ ಮೇಲೆ ಬಾಲವಿರುವುದನ್ನು ಬರೆದೆ: ‘ಮಾಳಪ್ಪನ ಹಿಂಡು.’ ಬರೆದ ಮೇಲೆ, ಈ ಹೆಸರಿಗೆ ಇವತ್ತು ಸಲ್ಲಬೇಕಾದದ್ದು ಏನು ಎಂದು ಯೋಚಿಸಬೇಕಲ್ಲ. ಸತ್ತವುಗಳಿಗೆ ಏನೂ ಇಲ್ಲ. ಬದುಕಿರುವವಕ್ಕೆ ಎರಡು ಬೇಕು. ಒಂದು, ಎಳೆ ಹುಲ್ಲು ಬಿಡಿಸಿ ಒಣಗಿದ ಜೋಳದ ಕಣಿಕಿ ಹಾಕುವುದು. ಅದನ್ನು ನಿನ್ನೆಯೇ ಹೇಳಿ ಬಂದಿದ್ದೆವು. ಇನ್ನೊಂದು, ಪೂರ್ತಿ ಅಳತೆಯ ಲಸಿಕೆ ಮತ್ತೊಮ್ಮೆ. ಆದರೆ ಕಾಗದದ ಪ್ರಕಾರ ಆ ಹಿಂಡಿಗೆ ಪೂರ್ತಿ ಲಸಿಕೆ ಬಿದ್ದಿದೆ. ಮೊದಲು ಹಾಕಿದ್ದು ಕಡಿಮೆ ಎಂದು ನಾನು ಹೇಳದೆ ಒಂದು ಬಾಟಲಿಯೂ ಬರುವುದಿಲ್ಲ. ನನ್ನ ಕಾಗದ ಸರಿಯಾಗಿ ಉಳಿಯಬೇಕಾದರೆ ಹಿಂಡು ಹಾಗೇ ಇರಬೇಕು.

ಇಪ್ಪತ್ತು ನಿಮಿಷ ಮುಗಿದಿತ್ತು. ಸ್ಟೋವ್ ಆರಿಸಿ ಗೋಕಾಕದ ಬಸ್ಸು ಹತ್ತಿದೆ.

ಅಳತೆ ಇಳಿಸಿದ್ದನ್ನು ಒಪ್ಪಿ ನಾನು ಬರೆದ ಕಾಗದವನ್ನು ಅಧಿಕಾರಿಗಳು ಎರಡು ಸಲ ಓದಿದರು. “ನೀವು ಬರದ ಕೊಟ್ರ ನಾ ಮ್ಯಾಲ ಕಳಸಬೇಕಾಗ್ತೈತಿ. ಮತ್ತೊಮ್ಮೆ ವಿಚಾರ ಮಾಡ್ರಿ.”

“ಮಾಡೇನ್ರಿ ಸರ್. ಬಾಟ್ಲಿ ಇವತ್ತ ಬೇಕು.”

ಅವರು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ತಾವೇ ಎದ್ದು ಶೀತಪೆಟ್ಟಿಗೆಯ ಬೀಗ ತೆಗೆದರು. “ಖರೆ ಎಷ್ಟ ಅದಾವು ಕುರಿ?”

“ಗೊತ್ತಿಲ್ರಿ.”

“ಹಂಗಾರ ಎಷ್ಟ ಕೊಡ್ಲಿ?”

“ಉಳ್ಯೂವಷ್ಟ ಕೊಡ್ರಿ.”

ಮಾಳಪ್ಪನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಹಟ್ಟಿಯ ಬಲೆಯ ಹೊರಗೇ ನಿಂತು ಎಲ್ಲವನ್ನೂ ಹೇಳಿದೆ; ಎಷ್ಟು ಗೆರೆ ಇಳಿಸಿದೆ, ಯಾಕೆ ಇಳಿಸಿದೆ ಎಂದು. ಅವನು ಕೈಯಲ್ಲಿದ್ದ ಉಣ್ಣೆಯ ನೂಲು ಸುತ್ತುತ್ತಲೇ ಕೇಳಿದ. ಮುಗಿದ ಮೇಲೆ ಲಕ್ಕವ್ವನೇ ಮಾತಾಡಿದಳು.

“ನಾವು ಎಣಿಕಿ ಮುಚ್ಚಿಟ್ವಿ, ದೇವರ ಅಂಜಿಕಿಗೆ. ನೀವು ಔಷಧ ಮುಚ್ಚಿಟ್ರಿ. ಅದು ಯಾರ ಅಂಜಿಕಿಗ್ರಿ ಡಾಕ್ಟರ್ರ?”

ನಾನು ಬಾಟಲಿಯ ಡಬ್ಬಿ ಕೆಳಗಿಟ್ಟು ಸಿರಿಂಜು ತೆಗೆದೆ. ಮಾಳಪ್ಪ ಬಲೆಯ ದಾರಿಗೆ ಅಡ್ಡ ಬಂದು ನಿಂತ.

“ನಿಮ್ಮ ಕೈಲೆ ಬ್ಯಾಡ್ರಿ,” ಎಂದ. ಸಿಟ್ಟಿನಿಂದ ಹೇಳಲಿಲ್ಲ. ಬಾಗಿಲು ಹಾಕುವ ಹಾಗೆ ಹೇಳಿದ.

ಪಕ್ಕದ ದವಾಖಾನೆಯ ಸಹಾಯಕನನ್ನು ಕರೆಸಿದೆ. ಅವನು ಲಸಿಕೆ ಹಾಕಿದ. ನಾನು ಬಲೆಯ ಹೊರಗೆ ನಿಂತು ಬಾಟಲಿ ಎತ್ತಿಕೊಡುತ್ತ, ಬರ್ಫು ಕರಗದಂತೆ ಕಾಯುತ್ತ ಇದ್ದೆ. ಆಮೇಲೆ ಮೂರು ಮರಿ ಸತ್ತವು, ಅಷ್ಟಕ್ಕೆ ನಿಂತಿತು. ವಿಚಾರಣೆ ನಡೆದು ನನಗೆ ಸಿಗಬೇಕಾದ ಶಿಕ್ಷೆ ಸಿಕ್ಕಿತು. ಅದರ ಬಗ್ಗೆ ಹೇಳಲು ಹೆಚ್ಚಿಲ್ಲ. ಬಲೆಯ ಹೊರಗೆ ನಿಂತದ್ದಷ್ಟು ಅದು ನೋಯಲಿಲ್ಲ.

ಮುಂದಿನ ಮುಂಗಾರಿಗೆ ಮುಂಚೆ ಡೈರಿಯಲ್ಲಿ ಮಾಳಪ್ಪನ ಹಿಂಡಿನ ಹೆಸರು ಬರೆದು ಹೋದೆ. “ಬ್ಯಾಡ್ರಿ” ಎಂದ. ಮತ್ತೆ ಬೇರೆಯವನನ್ನು ಕರೆಸಿದೆ. ಅಡ್ಡಗೆರೆ ಎಳೆದೆ. ಅದರ ಮುಂದಿನ ವರ್ಷವೂ ಹಾಗೇ. ಹಿಂಡಿಗೆ ಲಸಿಕೆ ಬಿದ್ದಿದೆಯಲ್ಲ, ಗೆರೆ ಯಾಕೆ ಎಂದು ನೀವು ಕೇಳಬಹುದು. ಆ ಹಿಂಡಿಗೆ ಸಲ್ಲಬೇಕಾದದ್ದರಲ್ಲಿ ನಂಬಬಹುದಾದ ಒಂದು ಕೈಯೂ ಸೇರಿತ್ತು. ಹತ್ತಿರದಲ್ಲಿದ್ದವನು ನಾನು. ನಡುರಾತ್ರಿ ಕುರಿಗೆ ಹೊಟ್ಟೆಯುಬ್ಬರ ಬಂದರೆ ಅವನು ಕರೆಯಬೇಕಾದದ್ದು ನನ್ನನ್ನು, ಮತ್ತು ಅವನು ಕರೆಯುತ್ತಿರಲಿಲ್ಲ.

ಮೂರನೆಯ ವರ್ಷ ಹೋದಾಗ ಮಾಳಪ್ಪ ಹಟ್ಟಿಯಲ್ಲಿರಲಿಲ್ಲ. ಲಕ್ಕವ್ವ ಒಬ್ಬಳೇ ಇದ್ದಳು. ಕೂರಲು ಗೋಣಿಚೀಲ ಹಾಸಿ, ಕತ್ತೆಯ ಮೇಲೆ ಹೇರುವ ಚೀಲದಿಂದ ಒಂದು ಗಂಟು ತೆಗೆದು ನನ್ನ ಮುಂದೆ ಬಿಚ್ಚಿದಳು. ಲಸಿಕೆಯ ಖಾಲಿ ಬಾಟಲಿಗಳು. ಬೇವಿನೆಣ್ಣೆ, ಹರಳೆಣ್ಣೆ ತುಂಬಿಡಲು ಚೆನ್ನಾಗಿರುತ್ತವೆಂದು ಎತ್ತಿಟ್ಟಿದ್ದಳು.

“ಹ್ವಾದ ವರ್ಷ ಆ ತಮ್ಮ ಬಂದಾಗ ಇಷ್ಟ ಖಾಲಿ ಆದ್ವು. ಕುರಿ ಎಣಸೂದ ಬ್ಯಾಡ, ಇವನ್ನ ಎಣಸ್ರಿ. ಬಾಟ್ಲಿಗೆ ಯಾರ ಕಣ್ಣ ತಾಕ್ತೈತಿ?”

ನಾನು ಆ ಬಾಟಲಿಗಳನ್ನೇ ನೋಡುತ್ತ ಕೂತೆ. ಇಷ್ಟು ವರ್ಷ ನಾನು ಕೇಳಬೇಕಾಗಿದ್ದ ಪ್ರಶ್ನೆ ಎಷ್ಟು ಬಾಟಲಿ ಎಂಬುದು. ನನಗೆ ಬೇಕಾಗಿದ್ದದ್ದು ಕುರಿಯ ಸಂಖ್ಯೆಯಲ್ಲ, ಔಷಧದ ಅಳತೆ. ಸಂಖ್ಯೆ ಬೇಕಾಗಿದ್ದದ್ದು ಕಾಗದಕ್ಕೆ.

ಬಾಟಲಿ ಎಣಿಸಿದೆ. ಅದಕ್ಕೆ ಎರಡು ಹೆಚ್ಚು ಸೇರಿಸಿ ಮರುದಿನ ತಂದೆ. ಮಾಳಪ್ಪ ಬಲೆಯ ಬಳಿ ನಿಂತಿದ್ದ. ಡಬ್ಬಿಯೊಳಗೆ ಬಗ್ಗಿ ನೋಡಿದ. ಹೆಂಡತಿಯ ಕಡೆ ನೋಡಿದ. “ನಿಂತೇನ ನೋಡ್ತಿ, ಕುರಿ ಹಿಡಿ. ಡಾಕ್ಟರ್ರಿಗೆ ಬ್ಯಾರೆ ಕೆಲಸ ಇರತೈತಿ,” ಎಂದಳು ಅವಳು. ಅವನು ಬಲೆ ಎತ್ತಿದ.

ಅಂದಿನಿಂದ ಯಾವ ಹಟ್ಟಿಯಲ್ಲೂ ನಾನು ಕುರಿ ಎಷ್ಟು ಎಂದು ಕೇಳಲಿಲ್ಲ. ಖಾಲಿ ಬಾಟಲಿ ಇಟ್ಟಿರಿ ಎನ್ನುತ್ತಿದ್ದೆ. ಎರಡು ಹೆಚ್ಚು ಒಯ್ಯುತ್ತಿದ್ದೆ. ಚೆಲ್ಲಿದ್ದನ್ನು ಚೆಲ್ಲಿದೆ ಎಂದೇ ಬರೆಯುತ್ತಿದ್ದೆ. ಕೆಲವು ಸಲ ಕಾರಣ ಕೇಳಿ ಪತ್ರ ಬರುತ್ತಿತ್ತು. ‘ಕೊನೆಯ ಕುರಿಗೂ ಪೂರ್ತಿ ಅಳತೆ ಸಿಗಲೆಂದು’ ಎಂಬ ಒಂದೇ ಸಾಲಿನ ಉತ್ತರ ಬರೆದು ಕಳಿಸುತ್ತಿದ್ದೆ. ಅದೇ ಉತ್ತರ, ಅದೇ ಅಕ್ಷರ.

ಈಗ ಸೂಜಿ ಕುದಿಸುವುದಿಲ್ಲ, ಒಮ್ಮೆ ಬಳಸಿ ಎಸೆಯುತ್ತಾರೆ. ಒಳ್ಳೆಯದೇ; ಎಷ್ಟೋ ರೋಗ ನಿಂತಿವೆ. ದನದ ಕಿವಿಗೆ ಹಳದಿ ಬಿಲ್ಲೆ ಬಂದಿದೆ, ಅದರ ನಂಬರನ್ನು ಮೊಬೈಲಿಗೆ ತುಂಬುತ್ತಾರೆ. ಅದೂ ಬೇಕು. ಆದರೆ ಹೊಸಬರಿಗೆ ಒಂದು ಮಾತು: ಕುದಿಯುವ ನೀರಿನ ಮುಂದೆ ಕೂರುತ್ತಿದ್ದ ಆ ಇಪ್ಪತ್ತು ನಿಮಿಷ ನಿಮಗಿಲ್ಲ. ಎದ್ದ ಕೂಡಲೇ ಮೊಬೈಲು ನಿಮ್ಮ ದಿನದ ಹೆಸರನ್ನು ತಾನೇ ಬರೆದುಬಿಡುತ್ತದೆ, ಮತ್ತು ಅದಕ್ಕೆ ಬಾಲ ಇರುವುದಿಲ್ಲ. ಅದು ಬರೆಯುವ ಮುಂಚೆ ನೀವು ಬರೆಯಿರಿ. ಇಪ್ಪತ್ತು ಬೇಡ, ಐದು ನಿಮಿಷ ಸಾಕು. ಶಿಸ್ತು ನನ್ನಲ್ಲಿ ಮೊದಲಿನಿಂದಲೂ ಇತ್ತು. ಮಸಗುಪ್ಪಿಯಲ್ಲಿ ತಪ್ಪು ಮಾಡಿದ ದಿನವೂ ನಾನು ಹೊತ್ತಿಗೆ ಸರಿಯಾಗಿ ಹೋಗಿ ಹೊತ್ತಿಗೆ ಸರಿಯಾಗಿ ಬಂದಿದ್ದೆ.

ನನ್ನ ಕೊನೆಯ ವರ್ಷಗಳು ಹುಕ್ಕೇರಿ ತಾಲೂಕಿನ ದಡ್ಡಿಯ ಕಡೆ ಕಳೆದವು. ನಿವೃತ್ತಿಯ ದಿನ ಬೆಳಿಗ್ಗೆ ಡೈರಿ ತೆರೆದು ಬಹಳ ಹೊತ್ತು ಕೂತೆ. ಅಂದು ಇದ್ದದ್ದು ಹೊಸದಾಗಿ ಬಂದ ಸಹಾಯಕಿಗೆ ಬೀಗದ ಕೈ, ದಾಸ್ತಾನು ಒಪ್ಪಿಸುವ ಕೆಲಸ ಒಂದೇ. ಬೀಗದ ಕೈಗೆ ಬಾಲವಿಲ್ಲ. ಮೊದಲ ಬಾರಿಗೆ ಮೇಲುಸಾಲು ಖಾಲಿ ಬಿಟ್ಟು ಹೊರಟೆ.

ಹನ್ನೊಂದರ ಬಸ್ಸಿಗೆ ಮಾಳಪ್ಪ, ಲಕ್ಕವ್ವ ಬಂದಿಳಿದರು. ಮಸಗುಪ್ಪಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಹಿಂಡನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಮಾಳಪ್ಪನಿಗೆ ನಡು ಬಾಗಿತ್ತು. ಹೊಸ ಸಹಾಯಕಿ ಕುರ್ಚಿ ಹಾಕಿದಳು. ಅವನು ನೆಲದಲ್ಲೇ ಕೂತ. ಲಕ್ಕವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, “ಯವ್ವಾ, ನೀ ಕಾಗದಕ್ಕ ಇಂಜೆಕ್ಷನ್ ಮಾಡಾಕಿ ಏನು, ಕುರಿಗೋ?” ಎಂದಳು. ಹುಡುಗಿಗೆ ತಿಳಿಯಲಿಲ್ಲ. ನಾನು ನಕ್ಕೆ.

ಚಹಾ ಆದ ಮೇಲೆ ಮಾಳಪ್ಪ ಎದ್ದು, ಸ್ವಲ್ಪ ಬರ್ರಿ ಎಂದು ನನ್ನನ್ನು ದವಾಖಾನೆಯ ಹಿಂದೆ ಕರೆದುಕೊಂಡು ಹೋದ. ಅತ್ತ ಇತ್ತ ನೋಡಿದ. ನನ್ನ ಭುಜ ಹಿಡಿದು ಬಗ್ಗಿಸಿ ಕಿವಿಯಲ್ಲಿ ಒಂದು ಸಂಖ್ಯೆ ಹೇಳಿದ.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಅದು ಹಿಂಡಿನ ಎಣಿಕೆ. “ಇಷ್ಟ ವರ್ಷ ಹೇಳಲಾರದ್ದು ಈಗ್ಯಾಕ ಹೇಳಿದಿ ಮಾಳಪ್ಪಾ?”

“ನಾಳಿಂದ ನಿಮ್ಮ ಕೈಯಾಗ ಕಾಗದ ಇರೂದಿಲ್ಲಲ್ರಿ,” ಎಂದ.

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಡೈರಿ ತೆಗೆದೆ. ಖಾಲಿ ಬಿಟ್ಟಿದ್ದ ಮೇಲುಸಾಲಿನಲ್ಲಿ ‘ಮಾಳಪ್ಪನ ಹಿಂಡು’ ಎಂದು ಬರೆದು, ಪುಟದ ಕೊನೆಗೆ ಸರಿ ಗುರುತು ಹಾಕಿದೆ. ನಡುವೆ ಏನೂ ಬರೆಯಲಿಲ್ಲ. ಆ ಸಂಖ್ಯೆ ಅಲ್ಲಿ ಇಲ್ಲ, ಇಲ್ಲಿಯೂ ಬರೆಯುವುದಿಲ್ಲ.